ಗಂಟು ಕಿತ್ತ ಗಾಳಿಮರ

ನನ್ನ ಕೈಗುಣದ ವಿಷಯ ಹೊನ್ನಾಳಿಯ ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಬಾಯಿ ತುಂಬ ಹೊಗಳುತ್ತಾರೆ. ಯಾರ ಮನೆಯಲ್ಲಿ ಸಸಿ ನೆಡುವುದಿದ್ದರೂ 'ಅಕ್ಕಾರ ಕೈಲಿ ಒಂದು ಹಿಡಿ ಮಣ್ಣು ಹಾಕ್ಸಿ, ಹಿಡ್ಕಂತೈತೆ' ಎಂದು ಕರೆಯಲು ಬರುತ್ತಾರೆ. ನಾನೂ ಸೆರಗು ಸಿಗಿಸಿಕೊಂಡು ಗತ್ತಿನಿಂದ ಹೋಗುತ್ತಿದ್ದೆ. ಈಗ ಯಾರಾದರೂ ಕರೆದರೆ ಮೊಣಕಾಲು ನೋವು ಅನ್ನುತ್ತೇನೆ. ಮೊಣಕಾಲಿಗೆ ಏನೂ ಆಗಿಲ್ಲ, ಗುಂಡುಕಲ್ಲಿನಂತಿದೆ. ಹೋಗಲು ನಾಚಿಕೆ, ಅಷ್ಟೇ.

ನಾಲ್ಕು ವರ್ಷದ ಹಿಂದೆ ನಮ್ಮ ಎದುರು ಮನೆಗೆ ಒಂದು ಕುಟುಂಬ ಬಾಡಿಗೆಗೆ ಬಂತು. ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ಹೆಂಡತಿ ಕುಂದಾಪುರದ ಕಡೆಯವರು. ಸಾಮಾನಿನ ಲಾರಿ ಬಂದ ದಿನ ಆಕೆ ಡ್ರೈವರ್ ಪಕ್ಕದ ಸೀಟಿನಿಂದ ಇಳಿದರು. ಎರಡೂ ಕೈಯಲ್ಲಿ ಅಗಲವಾದ ಮಣ್ಣಿನ ತಟ್ಟೆ, ಅದರಲ್ಲೊಂದು ಮೊಳದುದ್ದದ ಮರ. ಬುಡ ನನ್ನ ಮಣಿಕಟ್ಟಿನಷ್ಟು ದಪ್ಪ, ತೊಗಟೆ ಬಿರಿದು ಒರಟಾಗಿತ್ತು, ಎಲೆಯ ಜಾಗದಲ್ಲಿ ಕೂದಲಿನಂಥ ಹಸಿರು ಎಳೆಗಳು. ಇಡೀ ಮರ ಒಂದೇ ಕಡೆಗೆ ವಾಲಿತ್ತು. ಆ ಕಡೆಗೇ ಒಂದು ಉದ್ದನೆಯ ಕೊಂಬೆ ತಟ್ಟೆಯ ಅಂಚು ದಾಟಿ ಚಾಚಿಕೊಂಡಿತ್ತು.

"ಇದು ಸರ್ವೆ ಅಲ್ರೀ? ಸೆಂಟ್ರಿಂಗ್‌ಗೆ ಗಳ ನಿಲ್ಲಿಸ್ತಾರಲ್ಲ, ಅದು?" ಎಂದೆ. ಮೊದಲ ಮಾತೇ ಹೀಗೆ, ನನ್ನ ಬಾಯಿ!

ಆಕೆ ನಕ್ಕರು. "ನಮ್ಮಲ್ಲಿ ಗಾಳಿಮರ ಅಂತ ಹೇಳುದು ಅಕ್ಕ. ಕಡಲ ಬದಿಯಲ್ಲಿ ಇರ್ತದೆ. ನಾನು ಐದನೇ ಕ್ಲಾಸಲ್ಲಿರುವಾಗ ಅಪ್ಪ ಬೀಜ ಹಾಕಿದ್ದು."

ಅಪ್ಪನಿಗೆ ಬೋನ್ಸಾಯ್ ಹುಚ್ಚಂತೆ. ಎರಡು ವರ್ಷಕ್ಕೊಮ್ಮೆ ಮಗಳು ಇದ್ದಲ್ಲಿಗೇ ಬಂದು ಮರವನ್ನು ತಟ್ಟೆಯಿಂದ ಎತ್ತಿ, ಬೇರು ಬಿಡಿಸಿ, ಮಣ್ಣು ಬದಲಿಸಿ ಹೋಗುತ್ತಿದ್ದರಂತೆ. ಈಗ ವಯಸ್ಸಾಗಿ ಅಷ್ಟು ದೂರ ಬರಲು ಆಗುತ್ತಿರಲಿಲ್ಲ. ಭಾನುವಾರ ಭಾನುವಾರ ಫೋನು ಮಾಡುತ್ತಿದ್ದರು. ಆಕೆ ಸ್ಪೀಕರ್ ಹಾಕಿಕೊಂಡು ಅಂಗಳ ಗುಡಿಸುವಾಗ ನಮ್ಮ ಗೇಟಿನವರೆಗೂ ಕೇಳುತ್ತಿತ್ತು. ಮಗಳ ಆರೋಗ್ಯ, ಅಳಿಯನ ಆರೋಗ್ಯ ಎಲ್ಲ ಆಮೇಲೆ. ಮೊದಲ ಪ್ರಶ್ನೆ, "ಮರ ಹೇಗುಂಟು?"

ನಾವಿಬ್ಬರೂ ಬೇಗ ಹೊಂದಿಕೊಂಡೆವು. ನಮ್ಮ ಮನೆಯ ಕರಿಬೇವು ಅಲ್ಲಿಗೆ ಹೋದರೆ ಅಲ್ಲಿನ ಅಬ್ಬಲಿಗೆ ದಂಡೆ ಇಲ್ಲಿಗೆ ಬರುತ್ತಿತ್ತು. ನಾವು ಕನಕಾಂಬರ ಅನ್ನುವುದನ್ನು ಆಕೆ ಅಬ್ಬಲಿಗೆ ಅನ್ನುತ್ತಿದ್ದರು. ಕಡಲ ಗಾಳಿಯಲ್ಲಿ ಬೆಳೆದ ಮರ ನಮ್ಮ ಬಿಸಿಲಿಗೂ ಜಗ್ಗದೆ ಹಸಿರಾಗಿ ನಿಂತಿದ್ದು ನೋಡಿ, "ನಾನೇ ಇನ್ನೂ ಈ ಊರಿಗೆ ಒಗ್ಗಲಿಲ್ಲ, ಅದು ಒಗ್ಗಿತು ಮಾರ್ರೆ" ಎಂದು ಒಮ್ಮೆ ಹೇಳಿದ್ದರು.

ಇಷ್ಟರಲ್ಲಿ ನಾನು ದಾವಣಗೆರೆಯಲ್ಲಿ ಎರಡು ದಿನದ ಬೋನ್ಸಾಯ್ ತರಬೇತಿಗೆ ಹೋಗಿ ಬಂದೆ. ಸರ್ಟಿಫಿಕೇಟು ಕೊಟ್ಟರು, ಅದಕ್ಕೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ನೇತುಹಾಕಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಆ ಅಲ್ಪ ನಾನೇ. ಅದನ್ನು ನೋಡಿ ಆಕೆ ಕೇಳಿದರು.

"ಅಕ್ಕ, ಮರದ ಮಣ್ಣು ಬದಲಿಸದೆ ಮೂರು ವರ್ಷ ಆಯ್ತು. ಅಕ್ಕನ ಮಗಳ ಮದುವೆಗೆ ಊರಿಗೆ ಹೋಗ್ತಿದ್ದೇನೆ, ಬಂದ ಮೇಲೆ ನಾವಿಬ್ಬರೂ ಒಟ್ಟಿಗೆ ಮಾಡುವ. ಬೇರು ಬಿಡಿಸುವಾಗ ಅಪ್ಪನಿಗೆ ವಿಡಿಯೋ ಕಾಲ್ ಮಾಡ್ತೇನೆ. ಹೇಗೆ ಅಂತ ಅವರು ಹೇಳ್ತಾರೆ."

ಎಂಟು ದಿನ ನೀರು ಹಾಕಲು ಮರವನ್ನು ನನ್ನ ಕೈಗೆ ಕೊಟ್ಟು ಹೋದರು. ಆ 'ಅವರು ಹೇಳ್ತಾರೆ' ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಮೀನು ತಿನ್ನದ ನಮ್ಮಂಥವರಿಗೆ ಈ ಹೋಲಿಕೆ ಸಲ್ಲದು, ಆದರೂ ಹಾಗೇ ಆಯಿತು. ಚನ್ನಗಿರಿ ತಾಲೂಕು ಉಬ್ರಾಣಿಯ ಅಡಿಕೆ ತೋಟದಲ್ಲಿ ಹುಟ್ಟಿ ಬೆಳೆದವಳು ನಾನು. ಬೇರು ಅಂದರೆ ಏನು ಎಂದು ಮರಳಲ್ಲಿ ಓಡಾಡುವವರು ಫೋನಿನಲ್ಲಿ ನನಗೆ ಹೇಳಿಕೊಡಬೇಕೇ? ಮೂರನೇ ದಿನ ಬೆಳಿಗ್ಗೆ ಕತ್ತರಿ, ತಂತಿ, ಹೊಸ ಮಣ್ಣು ಎಲ್ಲ ತೆಗೆದುಕೊಂಡು ಹಿತ್ತಲಲ್ಲಿ ಕೂತೆ.

ತಟ್ಟೆಯಿಂದ ಮರ ಎತ್ತಿದಾಗ ಬೇರು ಚಾಪೆಯಂತೆ ಹೆಣೆದುಕೊಂಡಿತ್ತು. ಬಿಡಿಸುತ್ತ ಹೋದರೆ ನಡುನಡುವೆ ಕಂದು ಬಣ್ಣದ ಗಂಟುಗಳು. ಕೆಲವು ಕಡಲೆ ಗಾತ್ರ, ಕೆಲವು ಶುಂಠಿ ಚೂರುಗಳನ್ನು ಗೊಂಚಲು ಕಟ್ಟಿದ ಹಾಗೆ. ಅಯ್ಯೋ ಶಿವನೇ, ಬೇರುಗಂಟು ರೋಗ ಅಂದುಕೊಂಡೆ. ನಮ್ಮ ಕಡೆ ಅಡಿಕೆ ಗರಿ ಹಳದಿಯಾದರೆ ಮೊದಲು ಬುಡ ಕೆದಕಿ ಹುಳ ಹುಡುಕುತ್ತಾರೆ. ಟೊಮೆಟೊ, ಬದನೆ ಬೇರಲ್ಲಿ ಗಂಟು ಕಂಡರೆ ಗಿಡ ಕಿತ್ತು ಸುಡುತ್ತಾರೆ. ಗಂಟು ಕಂಡರೆ ರೋಗ ಎಂದೇ ಕಲಿತವರು ನಾವು. ಪಾಪ, ಈ ಹೆಂಗಸಿಗೆ ಗೊತ್ತೇ ಇಲ್ಲ, ಒಳಗೊಳಗೇ ಮರ ಸಾಯುತ್ತಿದೆ, ನಾನು ಉಳಿಸುತ್ತಿದ್ದೇನೆ ಎಂದು ಒಂದೊಂದೇ ಗಂಟನ್ನು ಉಗುರಿನಿಂದ ಚಿವುಟಿ ಕಿತ್ತೆ. ಪೈಪು ಹಿಡಿದು ಬೇರನ್ನು ಎಳೆ ಎಳೆಯಾಗಿ ತೊಳೆದೆ. ಅಂದು ನಮ್ಮವರು ತೋಟದ ಕೊಳೆರೋಗಕ್ಕೆ ಹೊಡೆಯಲೆಂದು ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡಿದ್ದರು, ಬಕೆಟ್ಟಿನಲ್ಲಿ ಉಳಿದಿತ್ತು. ಬೇರನ್ನು ಅದರಲ್ಲಿ ಅದ್ದಿ ಇಟ್ಟೆ. ಬಿಳಿ ಬೇರೆಲ್ಲ ನೀಲಿಯಾಯಿತು. ನನಗೆ ಬಹಳ ಸಮಾಧಾನವಾಯಿತು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಡಿಕೆ ಮರ ನೋಡಿ ಬೆಳೆದ ಕಣ್ಣಿಗೆ ವಾಲಿದ ಮರ ಅಂದರೆ ಸಹಿಸದು. ಮೋಟಾರು ರಿವೈಂಡಿಂಗ್ ಅಂಗಡಿಯಿಂದ ತಂದಿದ್ದ ತಾಮ್ರದ ತಂತಿ ಸುತ್ತಿ, ಕಾಂಡವನ್ನು ಎಳೆದು ನೆಟ್ಟಗೆ ಮಾಡಿದೆ. ತಟ್ಟೆಯಾಚೆ ಚಾಚಿದ್ದ ಆ ಉದ್ದನೆಯ ಕೊಂಬೆಯನ್ನು ಬುಡಕ್ಕೇ ಕತ್ತರಿಸಿದೆ.

ನಮ್ಮವರು ಹಿತ್ತಲಿಗೆ ಬಂದು ನೋಡಿ, "ಏನೇ ಇದು, ಗಣಪತಿ ಮಾಡಾಕೆ ಹೋಗಿ ಅವರಪ್ಪನ್ನ ಮಾಡಿದಂಗೈತಲ್ಲ" ಎಂದರು.

"ನಿಮಗೇನು ಗೊತ್ತಾಗ್ತೈತೆ, ಸುಮ್ನೆ ಹೋಗ್ರಿ" ಎಂದು ಗದರಿಸಿದೆ.

ಆಕೆ ಮದುವೆ ಮುಗಿಸಿ ಬಂದರು. ನಾನು ಹೊಸ ಸೊಸೆಯನ್ನು ತೋರಿಸುವವಳ ಹಾಗೆ ಮರವನ್ನು ಜಗಲಿಯಲ್ಲಿಟ್ಟು ಕರೆದೆ. ಬಹಳ ಹೊತ್ತು ನೋಡಿದರು. ಕತ್ತರಿಸಿದ ಕೊಂಬೆಯ ಗಾಯವನ್ನು ಬೆರಳಿನಿಂದ ಮುಟ್ಟಿದರು.

"ಅಪ್ಪ ಬೇಕಂತಲೇ ಅದನ್ನು ವಾಲಿಸಿದ್ದು ಅಕ್ಕ. ಕಡಲ ಗಾಳಿ ಹೊಡೆದ ಮರ ಹಾಗೇ ಇರುದು" ಎಂದರು. ನನ್ನ ಮುಖ ಸಣ್ಣದಾದದ್ದು ಕಂಡಿರಬೇಕು, "ಇದೂ ಚಂದ ಆಗಿದೆ" ಎಂದು ಸೇರಿಸಿದರು. ಬೇರಿನ ಸುದ್ದಿ ನಾನು ಎತ್ತಲಿಲ್ಲ. ವಿಡಿಯೋ ಕಾಲಿನ ಸುದ್ದಿ ಅವರು ಎತ್ತಲಿಲ್ಲ.

ಮೂರು ವಾರಕ್ಕೆ ತುದಿ ಹಳದಿಯಾಯಿತು. ಆಮೇಲೆ ಒಳಗಿನ ಎಳೆಗಳು. ಮುಟ್ಟಿದರೆ ಉದುರುತ್ತಿತ್ತು. ಒಂದು ದಿನ ಬೆಳಿಗ್ಗೆ ಆಕೆ ತಟ್ಟೆಯನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದರು. ಲಾರಿಯಿಂದ ಇಳಿದ ದಿನ ಹಿಡಿದಿದ್ದ ಹಾಗೆಯೇ ಎರಡು ಕೈಯಲ್ಲಿ ಹಿಡಿದಿದ್ದರು.

"ಅಕ್ಕ, ನೀವು ಬೇರು ನೋಡಿದ್ದೀರಲ್ಲ. ಅಲ್ಲಿ ಎಂತಾದ್ರೂ ತೊಂದರೆ ಇತ್ತಾ?"

ಆಗ ಹೇಳಬಹುದಿತ್ತು. ಗಂಟು ಇದ್ದವು, ಕಿತ್ತೆ, ಬೋರ್ಡೋದಲ್ಲಿ ಅದ್ದಿದೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ಹಾಲ್‌ನ ಗೋಡೆಯ ಮೇಲೆ ನನ್ನ ಸರ್ಟಿಫಿಕೇಟು ನೇತಾಡುತ್ತಿತ್ತು. ನನ್ನ ಬಾಯಿಂದ ಬಂದದ್ದು ಇದು: "ಬೇರು ಬೆಳ್ಳಗೆ ಚೆನ್ನಾಗಿತ್ತು ಕಣ್ರೀ. ನಿಮ್ದು ನೀರು ಜಾಸ್ತಿ ಆತೇನೋ."

ಆಕೆ ತಲೆಯಾಡಿಸಿದರು. "ಹೌದಾಯಿರ್ಬೇಕು. ನನ್ನ ಕೈಯೇ ಸರಿ ಇಲ್ಲ" ಎಂದು ತಿರುಗಿ ಹೋದರು. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ನಮ್ಮವರು ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಬೈದಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆ.

ಭಾನುವಾರದ ಫೋನಿಗೆ ಆಕೆ ಸ್ಪೀಕರ್ ಹಾಕುವುದನ್ನು ಬಿಟ್ಟರು. ಆದರೂ ಒಮ್ಮೆ ಗೇಟಿನ ಬಳಿ ಕೇಳಿಸಿತು: "ಮರ ಚೆನ್ನಾಗುಂಟು ಅಪ್ಪ." ಅಂದು ನನಗೆ ಊಟ ಸೇರಲಿಲ್ಲ. ಅದಾದ ಮೇಲೆ ಬೀದಿಯವರು ನನ್ನ ಕೈಗುಣ ಹೊಗಳಿದಾಗೆಲ್ಲ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಸ್ಥಿತಿ ನನ್ನದು.

ಮರುವರ್ಷ ಅವರಿಗೆ ಜಗಳೂರಿಗೆ ವರ್ಗವಾಯಿತು. ಹೊರಡುವ ದಿನ ಆಕೆ ಕುಂಡಗಳನ್ನೆಲ್ಲ ನಮ್ಮ ಅಂಗಳಕ್ಕೆ ತಂದಿಟ್ಟರು. ಅಬ್ಬಲಿಗೆ ಸರಿ, ಕೊನೆಗೆ ತುಳಸಿಯನ್ನೂ ತಂದರು.

"ತುಳಸಿ ಯಾಕ್ರೀ? ಅದನ್ನಾದ್ರೂ ತಗಂಡು ಹೋಗ್ರಿ" ಎಂದೆ.

"ಬೇಡ ಅಕ್ಕ. ತುಳಸಿ ಒಣಗಿದ್ರೆ ಮನೆಗೆ ಒಳ್ಳೇದಲ್ಲ. ನಿಮ್ಮ ಕೈಯಲ್ಲಿ ಇರ್ಲಿ."

ನಮ್ಮದು ಲಿಂಗ ಕಟ್ಟಿದ ಮನೆ, ನಮ್ಮ ಪೂಜೆಗೆ ಬಿಲ್ವಪತ್ರೆ. ಆದರೂ ಆ ತುಳಸಿಗೆ ಒಂದು ದಿನವೂ ನೀರು ತಪ್ಪಿಸಲಿಲ್ಲ. ಅದು ಸೊಂಟದೆತ್ತರ ಬೆಳೆಯಿತು. ಬೆಳೆದಷ್ಟೂ ನನಗೆ ಅದರ ಮುಖ ನೋಡಲು ಆಗುತ್ತಿರಲಿಲ್ಲ.

ಈ ಸಲ ಮಳೆಗಾಲದ ಶುರುವಿನಲ್ಲಿ ನ್ಯಾಮತಿಗೆ ಹೋಗಿದ್ದಾಗ ಊರಾಚೆಯ ಒಂದು ನರ್ಸರಿಯಲ್ಲಿ ಸರ್ವೆ ಸಸಿಗಳು ಕಂಡವು. ಒಂದು ಕೊಂಡು ಜಗಳೂರಿಗೆ ಕಳಿಸಿದರೆ ನನ್ನ ಪಾಪ ಸ್ವಲ್ಪ ಕರಗೀತು ಎಂಬ ಆಸೆ ಹುಟ್ಟಿತು. ಅಲ್ಲಿ ಕೆಲಸ ಮಾಡುವ ಅಜ್ಜಿಯೊಬ್ಬರು ಸಸಿಯ ಚೀಲದ ಬುಡ ಸರಿಸಿ ತೋರಿಸಿದರು. ಬೇರಿನಲ್ಲಿ ಅದೇ ಗಂಟುಗಳು, ಚಿಕ್ಕವು.

"ರೋಗ ಬಂದೈತಲ್ಲಬೇ ಇದಕ್ಕೆ" ಎಂದೆ.

"ರೋಗ ಅಲ್ಲವ್ವಾ, ಅದೇ ಇದರ ಜೀವ. ಬರೀ ಮರಳಾಗೂ ಈ ಮರ ಬದುಕೋದು ಆ ಗಂಟಿನಿಂದ. ಗೊಬ್ಬರ ಅದೇ ಮಾಡಿ ಕೊಡ್ತೈತೆ. ಹಳೇ ಮರದ ಗಂಟು ತಂದು ಜಜ್ಜಿ ಮಣ್ಣಿಗೆ ಹಾಕ್ತೀವಿ ನಾವು. ಗಂಟು ಕಟ್ಟದ ಸಸಿ ಯಾರಿಗೂ ಕೊಡಂಗಿಲ್ಲ."

ಸಸಿ ಹಿಡಿದುಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಅಲ್ಲಿಯವರೆಗೆ ಬೋರ್ಡೋ ಹೆಚ್ಚಾಗಿರಬೇಕು, ಮರಕ್ಕೆ ವಯಸ್ಸಾಗಿರಬೇಕು ಎಂದು ನನಗೆ ನಾನೇ ನೆಪ ಹೇಳಿಕೊಂಡಿದ್ದೆ. ಆ ನೆಪವೂ ಹೋಯಿತು. ಮನೆಗೆ ಬಂದು ನಮ್ಮವರಿಗೆ ಹೇಳಿದರೆ ಅವರು ಒಂದೇ ಮಾತು ಆಡಿದರು: "ಸಸಿ ಕಳಿಸಬ್ಯಾಡ. ನೀನೇ ಹೋಗಿ ಬಾ."

ಹೋದೆ. ಸಸಿಯೂ ಕೈಯಲ್ಲೇ ಇತ್ತು. ಜಗಳೂರಿನ ಅವರ ಮನೆಯ ಬಾಗಿಲ ಎರಡೂ ಕಡೆ ದೊಡ್ಡ ಕುಂಡಗಳಿದ್ದವು, ಮಿರಿಮಿರಿ ಹಸಿರೆಲೆಗಳು. ಹತ್ತಿರ ಹೋಗಿ ನೋಡಿದರೆ ಪ್ಲಾಸ್ಟಿಕ್ಕು. ಆಕೆ ನನ್ನನ್ನು ಕಂಡು, "ಅಕ್ಕಾ! ಒಂದು ಫೋನ್ ಮಾಡುದಲ್ವಾ ಮಾರ್ರೆ!" ಎಂದು ಕೈ ಹಿಡಿದು ಒಳಗೆ ಕರೆದರು. ನಾನು ಕುಂಡ ನೋಡುತ್ತಿರುವುದನ್ನು ಕಂಡು ನಕ್ಕರು. "ಇದಕ್ಕೆ ನನ್ನ ಕೈ ತಾಗಿದ್ರೂ ಎಂತ ಆಗುದಿಲ್ಲ."

ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಟ್ಟೆ. ಕೂತರೆ ಧೈರ್ಯ ಹೋಗುತ್ತಿತ್ತು. ಗಂಟು, ಬೋರ್ಡೋ, ನಾನು ಹೇಳಿದ ಸುಳ್ಳು, ಎಲ್ಲ.

"ಗಂಟು ತೆಗೆದ್ರಾ?" ಎಂದು ಕೇಳಿದರು.

"ತೆಗೆದೆ."

"ಎಲ್ಲ? ಒಂದೂ ಬಿಡ್ಲಿಲ್ವಾ?"

"ಒಂದೂ ಬಿಡ್ಲಿಲ್ಲ. ನಾನು ಕೆಲಸ ಹಿಡಿದ್ರೆ ಅರ್ಧಕ್ಕೆ ಬಿಡೋಳಲ್ಲ ಕಣ್ರೀ."

ಥೂ! ಆಗಲೂ ನನ್ನ ನಾಲಿಗೆಗೆ ಜಂಬವೇ ಬಂತು. ಆಕೆ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು.

"ಅಪ್ಪ ಅದನ್ನು ಹೇಳ್ಲಿಕ್ಕೇ ವಿಡಿಯೋ ಕಾಲ್ ಮಾಡು ಅಂತ ಹೇಳಿದ್ದು. ಗಂಟು ಮುಟ್ಬಾರ್ದು ಅಂತ." ಕಿಟಕಿಯಾಚೆ ನೋಡುತ್ತಲೇ, "ಎರಡು ವರ್ಷ ಆಯ್ತು ಅಕ್ಕ, ಪ್ರತಿ ಭಾನುವಾರ ಮರ ಚೆನ್ನಾಗುಂಟು ಅಂತ ಹೇಳ್ತಿದ್ದೇನೆ. ಹಳೇ ಫೋಟೋ ಕಳಿಸ್ತಿದ್ದೇನೆ. ನಾನು ಕೊಂದೆ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ" ಎಂದರು.

"ಫೋನ್ ಹಚ್ಚಿ ಕೊಡ್ರಿ. ಕೊಂದೋಳು ನಾನು ಅಂತ ನಾನೇ ಹೇಳ್ತೀನಿ."

"ಬೇಡ. ಅದು ನಾನು ಹೇಳ್ತೇನೆ."

ಚಹಾ ಕೊಟ್ಟರು. ಬೈಯಲಿಲ್ಲ, ಅಳಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ನಾನು ತಂದ ಸಸಿಯನ್ನು ಮುಟ್ಟಲಿಲ್ಲ. "ಅದು ನಿಮ್ಮಲ್ಲೇ ಇರ್ಲಿ" ಎಂದರು. ನಾನು ಗೇಟು ದಾಟಿ ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಕರೆದರು.

"ತುಳಸಿ ಉಂಟಾ?"

"ಐತೆ. ಸೊಂಟದ ಮಟ ಬಂದೈತೆ."

"ನಂಗೆ ಅದು ಬೇಕು. ತಂದ್ಕೊಡಿ." ಆಮೇಲೆ ನನ್ನ ಕಣ್ಣನ್ನೇ ನೋಡುತ್ತ ಹೇಳಿದರು, "ಕತ್ತರಿ ಹಾಕ್ಬೇಡಿ."

ಎರಡು ದಿನ ಬಿಟ್ಟು ತುಳಸಿ ಕುಂಡವನ್ನು ಎತ್ತಿಕೊಂಡು ಮತ್ತೆ ಹೊರಟೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಕೂತಾಗ ಪಕ್ಕದಲ್ಲಿ ಜಗಳೂರು ತಾಲೂಕಿನ ಸೊಕ್ಕೆಗೆ ಹೋಗುವ ಹೆಂಗಸೊಬ್ಬರಿದ್ದರು. ನನ್ನ ತೊಡೆಯ ಮೇಲಿನ ಕುಂಡವನ್ನು, ಕಿಟಕಿಯ ಗಾಳಿಗೆ ಆಡುವ ತುಳಸಿಯನ್ನು ನೋಡಿದರು.

"ಎಷ್ಟು ಚೆಂದ ಬೆಳೆಸೀರಿ ಬಿಡ್ರಿ. ಕೈಗುಣ ಭಾಳ ಚಲೋ ಐತೆ ನಿಮ್ದು."

"ನಂದಲ್ರೀ" ಎಂದೆ. "ಇದನ್ನ ನೆಟ್ಟೋರು ಜಗಳೂರಾಗೆ ಅದಾರೆ. ಅವರ ಕೈ ಅದು. ನಾನು ಸುಳ್ಳು ಹೇಳಿ ಇಟ್ಕಂಡಿದ್ದೆ, ಈಗ ತಿರುಗಿ ಕೊಡಾಕೆ ಹೊಂಟೀನಿ."

ಆ ಹೆಂಗಸಿಗೆ ಏನು ಅರ್ಥವಾಯಿತೋ, ಸ್ವಲ್ಪ ಸರಿದು ಕೂತು ಕುಂಡಕ್ಕೆ ಜಾಗ ಮಾಡಿಕೊಟ್ಟರು.