ಪಟ್ಟಿಯಲ್ಲಿ ಮೂರು ಹೆಸರು

ಕಾಲೇಜಿನ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಟೈಪಿಸ್ಟ್ ಆಗಿ ಬೆರಳು ಸವೆಸಿದವರು ಐವತ್ತನಾಲ್ಕನೇ ವಯಸ್ಸಿನಲ್ಲಿ ಕಾಮರ್ಸ್ ಮೊದಲ ವರ್ಷದ ಮಕ್ಕಳ ಜೊತೆ ಕಂಪ್ಯೂಟರ್ ಕ್ಲಾಸಿನ ಹಿಂದಿನ ಸಾಲಿನಲ್ಲಿ ಕೂತಿದ್ದರು, ಅದೂ ನೋಟ್‌ಬುಕ್ಕಿಗೆ ನೀಟಾಗಿ ರಟ್ಟು ಹಾಕಿಕೊಂಡು, ಎರಡು ಪೆನ್ಸಿಲ್ ಚೂಪು ಮಾಡಿಟ್ಟುಕೊಂಡು. ಹುಡುಗರು ಅವರಿಗೆ ಇಟ್ಟ ಹೆಸರು ಟಕಟಕ ಆಂಟಿ. ಎದುರಿಗೆ ಬರೀ ಆಂಟಿ.

ಬಂದದ್ದು ಆಸೆಯಿಂದಲ್ಲ. ಹೊಸ ಪ್ರಿನ್ಸಿಪಾಲರು ಒಂದು ಆರ್ಡರ್ ಹೊರಡಿಸಿದ್ದರು: ಆಫೀಸಿನ ಕೌಂಟರಿನಲ್ಲಿ ಕೂರುವವರು ಮೊದಲ ವರ್ಷದ ಕಂಪ್ಯೂಟರ್ ಪೇಪರ್ ಪಾಸ್ ಮಾಡಲೇಬೇಕು, ಆಗದವರು ಕೆಳಗಿನ ಹಳೇ ರೆಕಾರ್ಡ್ ರೂಮಿಗೆ. ಅಲ್ಲಿ ಕೆಲಸ ಕಡಿಮೆ, ಬೇರೆ ಯಾರಾದರೂ ಆಗಿದ್ದರೆ ಕುಣಿದುಕೊಂಡು ಹೋಗುತ್ತಿದ್ದರು. ಆದರೆ ಆ ರೂಮಿಗೆ ಕಿಟಕಿಯಿಲ್ಲ, ಒಂದು ಟ್ಯೂಬ್‌ಲೈಟು, ಮಾಡಿನವರೆಗೆ ಕಟ್ಟುಗಳು, ವಾರಕ್ಕೊಮ್ಮೆ ಯಾರಾದರೂ ಬಂದರೆ ಅದೇ ಹೆಚ್ಚು. ಕೌಂಟರಿನಲ್ಲಾದರೆ ದಿನಕ್ಕೆ ಐವತ್ತು ತಲೆಗಳು ಇಣುಕುತ್ತವೆ, "ಆಂಟಿ, ಸರ್ಟಿಫಿಕೇಟ್ ರೆಡಿನಾ", "ಆಂಟಿ, ಒಂದು ಸೀಲ್". ಆಂಟಿಯ ಇಡೀ ದಿನದ ಮಾತುಕತೆ ಅಂದರೆ ಅಷ್ಟೇ. ಅವರಿದ್ದ ಮಹಡಿ ಮೇಲಿನ ಒಂಟಿ ಕೋಣೆಯಲ್ಲಿ, ಜೊತೆಗಿದ್ದ ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಶನಿವಾರ ಮಧ್ಯಾಹ್ನ ಆಫೀಸು ಬಿಟ್ಟವರು ಸೋಮವಾರ ಬೆಳಿಗ್ಗೆ ಮೊದಲ ಮಾತಾಡುವಾಗ ದನಿಯೇ ತುಕ್ಕು ಹಿಡಿದ ಹಾಗೆ ಬರುತ್ತಿತ್ತು. ಒಮ್ಮೊಮ್ಮೆ ಮೆಟ್ಟಿಲ ಮೇಲೇ ನಿಂತು ಕೆಮ್ಮಿ, ಗಂಟಲು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದರು.

ಕಂಪ್ಯೂಟರ್ ಮೇಷ್ಟ್ರು ಇದೇ ಕಾಲೇಜಿನಲ್ಲಿ ಓದಿದವರು, ಓದುವಾಗ ಕ್ಲಾಸು ತಪ್ಪಿಸುವುದರಲ್ಲಿ ಎತ್ತಿದ ಕೈ. ಮೊದಲ ದಿನವೇ ನಗುತ್ತಾ ಕೇಳಿದರು.

"ಆಂಟಿ, ಅಟೆಂಡೆನ್ಸ್ ಕಮ್ಮಿ ಅಂತ ನಮ್ಮಪ್ಪಂಗೆ ಮೂರು ಕಾಗದ ಟೈಪ್ ಮಾಡಿದವ್ರು ನೀವೇ. ಈಗ ನೀವು ಕ್ಲಾಸ್ ತಪ್ಪಿಸಿದ್ರೆ ನಾನು ಯಾರಿಗೆ ಬರೀಲಿ?"

"ಬರೆಯೋಕೆ ಯಾರೂ ಇಲ್ಲ ಸರ್," ಎಂದರು ಆಂಟಿ. "ಅದಕ್ಕೇ ತಪ್ಪಿಸಲ್ಲ."

ಕ್ಲಾಸೆಲ್ಲ ಗೊಳ್ಳೆಂದಿತು. ಆಂಟಿಯೂ ನಕ್ಕರು, ಆದರೆ ಎಲ್ಲರಿಗಿಂತ ಮೊದಲು ನಿಲ್ಲಿಸಿದರು.

ಪಾಠವೇನು ಕಬ್ಬಿಣದ ಕಡಲೆಯಾಗಿರಲಿಲ್ಲ. "ಮೆಮೊರಿ ಅಂದ್ರೆ ನಿಮ್ಮ ಮೇಜು, ಡಿಸ್ಕ್ ಅಂದ್ರೆ ಬೀರು," ಎಂದರು ಮೇಷ್ಟ್ರು. "ಮೇಜಿನ ಮೇಲಿದ್ರೆ ಕೈಗೆ ಬೇಗ ಸಿಗತ್ತೆ, ಕರೆಂಟ್ ಹೋದ್ರೆ ಮಾತ್ರ ಎಲ್ಲಾ ಗಾಳಿಗೆ. ಉಳೀಬೇಕು ಅಂದ್ರೆ ಬೀರುಗೆ ಹಾಕಿ." ಆವತ್ತಿನಿಂದ ಆಂಟಿ ಒಂದೊಂದು ಸಾಲಿಗೂ ಸೇವ್ ಒತ್ತತೊಡಗಿದರು.

"ಸಾಕು ಬಿಡಿ ಆಂಟಿ, ಅದಕ್ಕೂ ನೋವಾಗತ್ತೆ," ಎಂದಳು ಪಕ್ಕದ ಮಶೀನಿನ ಹುಡುಗಿ. ಅವಳಿಗೆ ಬಾಯಿ ತುಂಬ ಮಾತು, ಫೋನಿನ ತುಂಬ ಜನ.

ಆಮೇಲೆ ಬಂತು ಮೇಲ್ ಮರ್ಜ್. ಕಾಗದ ಒಂದೇ ಸಲ ಬರೆಯುವುದು, ಹೆಸರು ವಿಳಾಸಗಳ ಪಟ್ಟಿ ಬೇರೆ ಮಾಡುವುದು, ಎರಡನ್ನೂ ಕೂಡಿಸಿದರೆ ಪಟ್ಟಿಯಲ್ಲಿ ಎಷ್ಟು ಸಾಲಿದೆಯೋ ಅಷ್ಟು ಕಾಗದ, ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು. ದೊಡ್ಡ ಅಂಗಡಿಗಳು ಸಾವಿರ ಗಿರಾಕಿಗಳಿಗೆ ಹೀಗೇ ಬರೆಯುತ್ತವೆ ಎಂದರು ಮೇಷ್ಟ್ರು. ಆಂಟಿ ಕೈ ಎತ್ತಿದರು.

"ಎಲ್ರಿಗೂ ಒಂದೇ ಮಾತಾ ಸರ್? ಕೆಲವು ಮನೇಲಿ ಅಪ್ಪಂದಿರು ಹೊಡೀತಾರೆ. ಅಂಥವರಿಗೆ ನಾನು ಒಂದು ಸಾಲು ಮೆತ್ತಗೆ ಬರೀತಿದ್ದೆ."

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ನಮ್ಮಪ್ಪಂಗೆ?"

"ನಿಮ್ಮಪ್ಪಂಗೆ ಇದ್ದದ್ದು ಇದ್ದ ಹಾಗೇ ಬರೆದೆ. ನಿಮಗೆ ಬೇಕಿತ್ತು."

ಪ್ರಾಕ್ಟಿಕಲ್ ಪರೀಕ್ಷೆಗೆ ಕೊಟ್ಟದ್ದೂ ಮೇಲ್ ಮರ್ಜನ್ನೇ. ನೀವೊಂದು ಅಂಗಡಿ ತೆರೆಯುತ್ತಿದ್ದೀರಿ, ನಿಮಗೆ ಗೊತ್ತಿರುವ ಹತ್ತು ಜನರನ್ನು ಕರೆಯಿರಿ. ಎಬಿಸಿ, ಎಕ್ಸ್‌ವೈಜಡ್ ಎಂದೆಲ್ಲ ಬರೆದರೆ ಮಾರ್ಕ್ಸ್ ಇಲ್ಲ, ನಿಜವಾದ ಹೆಸರು, ನಿಜವಾದ ವಿಳಾಸ, ಪಟ್ಟಿ ಮನೆಯಿಂದಲೇ ತರಬೇಕು. ಪಕ್ಕದ ಹುಡುಗಿ ಎರಡು ನಿಮಿಷದಲ್ಲಿ ಹತ್ತು ಜನರನ್ನು ಆರಿಸಿ, "ಅಯ್ಯೋ, ಯಾರನ್ನ ಬಿಡೋದು ಅಂತಾನೇ ಗೊತ್ತಾಗ್ತಿಲ್ಲ," ಎಂದಳು.

ಭಾನುವಾರ ಮಧ್ಯಾಹ್ನ ಆಂಟಿ ಕೋಣೆಯ ಕಿಟಕಿ ಪಕ್ಕ ಕೂತು ಗೆರೆ ಎಳೆದು, ಒಂದರಿಂದ ಹತ್ತರವರೆಗೆ ಕ್ರಮಸಂಖ್ಯೆ ಹಾಕಿದರು. ಒಂದು, ಬೇರೆ ಊರಿನ ಅಕ್ಕ. ಎರಡು, ಕೆಳಗಿನ ಮನೆಯ ಓನರ್. ಮೂರು, ರಿಟೈರ್ ಆದ ಹೆಡ್ ಕ್ಲರ್ಕ್. ನಾಲ್ಕನೆಯದಕ್ಕೆ ಟೈಪಿಂಗ್ ಕಲಿಯುವಾಗಿನ ಗೆಳತಿಯ ಹೆಸರು ಬರೆದು, ಎರಡು ವರ್ಷದ ಹಿಂದೆ ಅವಳಿಗೆ ಹಾಕಿದ ಕಾಗದ ತಿರುಗಿ ಬಂದದ್ದು ನೆನಪಾಗಿ ಹೊಡೆದುಹಾಕಿದರು. ತಲೆಯೊಳಗೆ ವಿಳಾಸಗಳಿಗೇನೂ ಬರವಿರಲಿಲ್ಲ. ಎಷ್ಟೋ ಮಕ್ಕಳ ಮನೆ ನಂಬರು, ರಸ್ತೆ, ಅಪ್ಪನ ಹೆಸರು ಕಣ್ಣು ಮುಚ್ಚಿದರೂ ಬೆರಳಿಗೆ ಬರುತ್ತಿತ್ತು. ಆದರೆ ಅವೆಲ್ಲ ಕಾಲೇಜಿನ ವಿಳಾಸಗಳು. ಆ ಮನೆಗಳಲ್ಲಿ ಇವರು ಯಾರೆಂದು ಯಾರಿಗೂ ಗೊತ್ತಿಲ್ಲ. ಬಾಗಿಲು ತಟ್ಟಿದರೆ "ಯಾರು ಬೇಕಿತ್ತು?" ಎಂದು ಕೇಳುತ್ತಾರೆ. ಸಂಜೆ ನಲ್ಲಿಯಲ್ಲಿ ನೀರು ಬರುವವರೆಗೂ ಕೂತಿದ್ದರು. ನಾಲ್ಕರಿಂದ ಕೆಳಗೆ ಒಂದು ಹೆಸರೂ ಸೇರಲಿಲ್ಲ.

ಪರೀಕ್ಷೆಯ ದಿನ ಕಾಗದ ಟೈಪ್ ಮಾಡುವುದರಲ್ಲಿ ಆಂಟಿಯನ್ನು ಹಿಡಿಯುವವರೇ ಇರಲಿಲ್ಲ. ಹುಡುಗರು ಎರಡು ಬೆರಳಲ್ಲಿ ಅಕ್ಷರ ಹುಡುಕುತ್ತಿದ್ದರೆ ಇವರದು ತಗಡಿನ ಮೇಲೆ ಆಲಿಕಲ್ಲು ಬಿದ್ದ ಸದ್ದು. ಪಟ್ಟಿಗೆ ಬಂದಾಗ ಮಾತ್ರ ಬೆರಳು ನಿಂತಿತು. ಸುಳ್ಳು ಹೆಸರು ಹಾಕಲು ಕೈ ಬರಲಿಲ್ಲ. ಆಫೀಸಿನ ಅಭ್ಯಾಸದಂತೆ ಮೊದಲ ಕಾಲಮ್ಮಿನಲ್ಲಿ ಒಂದರಿಂದ ಹತ್ತು ಹಾಕಿದರು, ಮೂರು ಸಾಲು ತುಂಬಿದರು, ಉಳಿದದ್ದನ್ನು ಹಾಗೇ ಬಿಟ್ಟು ಪ್ರಿಂಟ್ ಕೊಟ್ಟರು.

ಮೂಲೆಯಲ್ಲಿದ್ದ ಪ್ರಿಂಟರ್ ಮೂರರ ಬದಲು ಹತ್ತು ಕಾಗದ ಉಗುಳಿತು. ಎತ್ತಿಕೊಡಲು ಹೋದ ಪಕ್ಕದ ಹುಡುಗಿ ಜೋರಾಗಿ ಓದಿದಳು.

"ಪ್ರೀತಿಯ... ಅವರೇ, ನೀವು ತಪ್ಪದೆ ಬರಬೇಕು. ಪ್ರೀತಿಯ... ಅವರೇ, ನೀವು ತಪ್ಪದೆ ಬರಬೇಕು. ಯಾರದಪ್ಪಾ ಇದು, ದೆವ್ವಗಳಿಗೆ ಅಂಗಡಿ ತೆಗೀತಿರೋದು?"

ಎಲ್ಲರೂ ನಗುತ್ತಿರುವಾಗ ಆಂಟಿ ಎದ್ದು ಹೋಗಿ, ಅವಳ ಕೈಯಿಂದ ಕಾಗದಗಳನ್ನು ತೆಗೆದುಕೊಂಡರು. ಹತ್ತರಲ್ಲಿ ಏಳು ಕಾಗದದ ಮೇಲೆ ಹೆಸರಿನ ಜಾಗ ಬಿಳಿ. ಹುಡುಗಿಯ ಮುಖ ಸಣ್ಣಗಾಯಿತು.

ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕಿ ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿದರು. "ಇದೇನಮ್ಮ, ಏಳು ಖಾಲಿ? ಕಂಪ್ಯೂಟರ್ ತಪ್ಪು ಮಾಡ್ತಾ?"

"ಇಲ್ಲ ಮೇಡಂ. ನಾನು ಹತ್ತು ನಂಬರ್ ಹಾಕಿದೆ, ಅದು ಹತ್ತು ಜನ ಅಂದುಕೊಂಡಿದೆ."

"ಕಾಗದದಲ್ಲಿ ತಪ್ಪಿದ್ಯಾ?"

"ಕಾಗದ ಸರಿಯಾಗಿದೆ. ಪಟ್ಟಿಯಲ್ಲಿ ಜನ ಇಲ್ಲ."

ಪರೀಕ್ಷಕಿ ಪೆನ್ನಿನಿಂದ ಮಶೀನಿನ ಕಡೆ ತೋರಿಸಿದರು. "ಅರ್ಧ ಕ್ಲಾಸಿಗೆ ಈ ವ್ಯತ್ಯಾಸ ಗೊತ್ತಾಗಿಲ್ಲ. ಹೋಗಿ, ಐದು ನಿಮಿಷ ಟೈಮ್ ಕೊಡ್ತೀನಿ. ಸರಿ ಮಾಡ್ಕೊಂಡು ಬನ್ನಿ."

ಆಂಟಿ ಮತ್ತೆ ಮಶೀನಿನ ಮುಂದೆ ಕೂತಾಗ ಪಕ್ಕದ ಹುಡುಗಿ ಬಗ್ಗಿ ಪಿಸುಗುಟ್ಟಿದಳು.

"ಸಾರಿ ಆಂಟಿ. ನನ್ನ ಹೆಸರು ಹಾಕ್ಕೊಳ್ಳಿ. ನಮ್ಮ ಗ್ಯಾಂಗಿನವರದ್ದೂ ಹಾಕಿ, ಸರಿಯಾಗಿ ಏಳು ಜನ ಇದೀವಿ."

ಆಂಟಿಯ ಬೆರಳು ಕೀಲಿಗಳ ಮೇಲೆ ನಿಂತಿತು. "ಕರೆದ್ರೆ ಬರ್ತೀರಾ?"

"ಎಲ್ಲಿಗೆ?" ಹುಡುಗಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಇದು ಸುಮ್ನೆ ಅಲ್ವಾ ಆಂಟಿ, ಅಂಗಡಿನೇ ಇಲ್ಲ."

"ಹೌದಲ್ಲ," ಎಂದರು ಆಂಟಿ. "ಅಂಗಡಿನೇ ಇಲ್ಲ."

ಕೆಳಗಿನಿಂದ ಒಂದೊಂದೇ ಸಾಲು ಅಳಿಸುತ್ತಾ ಬಂದರು, ಹತ್ತು, ಒಂಬತ್ತು, ಎಂಟು, ನಾಲ್ಕರವರೆಗೆ. ಸೇವ್ ಒತ್ತಿದರು. ಈ ಸಲ ಪ್ರಿಂಟರ್ ಮೂರೇ ಕಾಗದ ಕೊಟ್ಟಿತು. ಹತ್ತು ಜನ ಇಲ್ಲದ್ದಕ್ಕೆ ಪರೀಕ್ಷಕಿ ಅಂಕ ಕಳೆದರು, ವಿಷಯ ತಿಳಿದದ್ದಕ್ಕೆ ಕೊಟ್ಟರು, ಅಂತೂ ಆಂಟಿ ದಡ ಸೇರಿದರು.

ರಿಸಲ್ಟ್ ಬಂದ ಮಾರನೇ ದಿನ ಕೌಂಟರಿನ ಕಿಟಕಿಯಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಫಾರಂ ತೂರಿಸಿ, ಫೋನು ನೋಡುತ್ತಾ ನಿಂತ. ಆಂಟಿ ಫಾರಮನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

"ಹೆಸರು ಹೇಳಪ್ಪಾ."

"ಫಾರಮಲ್ಲೇ ಇದೆ ಆಂಟಿ."

"ಇರ್ಲಿ," ಎಂದರು ಆಂಟಿ, ಸೀಲನ್ನು ಕೈಯಲ್ಲಿ ಹಿಡಿದುಕೊಂಡೇ. "ನೀನೇ ಹೇಳು."