ಕೌದಿಯ ಹೊಟ್ಟೆಗಿಟ್ಟ ಹೋಳಿಗೆ

ಹಂಸಭಾವಿಯಿಂದ ಯಲವಿಗಿಗೆ ಸೊಸೆಯಾಗಿ ಬಂದಾಗ ನನ್ನ ಬೆನ್ನಿಗೆ ಬಂದದ್ದು ಹಳೆ ಬಟ್ಟೆಯ ಒಂದು ಗಂಟು. ಅವ್ವ, ಅಕ್ಕಂದಿರು ಉಟ್ಟು ಬಿಟ್ಟ ಸೀರೆಗಳು, ಅಪ್ಪನ ಧೋತರದ ತುಂಡುಗಳು. ಕೌದಿ ಹೊಲಿಯುವುದು ಬಿಟ್ಟರೆ ಈಕೆಗೆ ಬೇರೆ ಬರುವುದಿಲ್ಲ ಎಂದು ಅತ್ತೆ ಊರಿಗೆಲ್ಲ ಹೇಳುತ್ತಿದ್ದರು. ಬೆಳಗಾದರೆ ನಾನು ಬುಟ್ಟಿ ತುಂಬ ರೊಟ್ಟಿ ಬಡಿಯುವುದು ಅವರ ಪ್ರಕಾರ ಕೆಲಸವಲ್ಲ.

ಆ ಗಂಟಿನ ಮೇಲೆ ಅವರಿಗೆ ಮೊದಲಿನಿಂದಲೂ ಕಣ್ಣು. ಹಳೆ ಬಟ್ಟೆ ತಗೊಂಡು ಬೋಗಾಣಿ, ಪಾತ್ರೆ ಕೊಡುವ ಹೆಂಗಸು ಓಣಿಗೆ ಬಂದಾಗಲೆಲ್ಲ, "ಕೊಟ್ಟು ಬಿಡ ಅದನ್ನ, ಇಲಿ ಗೂಡು ಕಟ್ಟತಾವು" ಎನ್ನುವರು. ಯುದ್ಧದ ಕಾಲ, ಅಂಗಡಿಯಲ್ಲಿ ಒಂದು ಗಜ ಬಟ್ಟೆ ಸಿಗುವುದೂ ಕಷ್ಟ. ಗಂಟು ಹೋದರೆ ನನ್ನ ಸೂಜಿಯೂ ಹೋದಂತೆ.

ಆಗ ಸವಣೂರಿನ ಶಾಲೆಯೊಂದರಲ್ಲಿ ಹೆಣ್ಣುಮಕ್ಕಳ ಕೈಗೆಲಸದ ಪ್ರದರ್ಶನ ಎಂದು ಸುದ್ದಿ ಬಂತು. ಯಾರೂ ಮಾಡಿರದ ಹೊಸ ನಮೂನೆಗೆ ಬಹುಮಾನವಂತೆ. ಆದರೆ ವಸ್ತು ಪೂರ್ತಿ ಮುಗಿದಿರಬೇಕು, ಒಮ್ಮೆಯೂ ಬಳಸಿರಬಾರದು. ನಾನೂ ಒಂದು ಕೌದಿ ಕೊಡುತ್ತೇನೆ ಎಂದೆ. ಅತ್ತೆ ನಕ್ಕರು.

"ಗೆದ್ದಿ ಅಂದ್ರ ಗಂಟು ಇಟ್ಕೊ. ಸೋತಿ ಅಂದ್ರ ಗಂಟು ಕೊಟ್ಟು ಮನೀಗೆ ಬೋಗಾಣಿ ತರಬೇಕು."

ಚೌಕ, ತ್ರಿಕೋನ, ಮೂಲೆಗೊಂದು ಹೂವು, ಇವು ಎಲ್ಲರ ಕೌದಿಯಲ್ಲೂ ಇದ್ದವು. ನಾನು ನಮ್ಮೂರ ಸ್ಟೇಶನ್ನಿನ ರೈಲಿನ ಹಳಿ ಹಾಕಿದೆ. ಕಪ್ಪು ಸೀರೆಯ ಎರಡು ಉದ್ದನೆ ಪಟ್ಟಿ, ಅಡ್ಡಕ್ಕೆ ಕಂದು ತುಂಡುಗಳು, ಎರಡೂ ಕಡೆ ಹಸಿರು ಹೊಲ, ಮೇಲೆ ಧೋತರದ ಬಿಳಿ ಹೊಗೆ. ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡೇ ಸೂಜಿ ಹಿಡಿಯುತ್ತಿದ್ದೆ. ಆಗ ಕಣ್ಣು ಚೆನ್ನಾಗಿ ಕಾಣುತ್ತಿತ್ತು, ದೇವರು ದೊಡ್ಡವನು.

ಅತ್ತೆ ಬಂದು ನಿಂತು ನೋಡಿದರು. "ಇದೇನಿದು, ರೈಲ? ಮೈಮ್ಯಾಲೆ ರೈಲು ಹಾಯಿಸ್ಕೊಂಡು ಮಲಗಬೇಕೇನ ನಾವು?"

"ಹೊಸ ನಮೂನಿ ಕೇಳ್ಯಾರ್ರಿ ಅತ್ತಿ."

"ಹೊಸಾದು ಕೇಳ್ಯಾರ, ಹುಚ್ಚು ಕೇಳಿಲ್ಲ."

ನಮ್ಮಲ್ಲಿ ಕೌದಿಯ ಕೊನೆಯ ಹೊಲಿಗೆ ಹಾಕುವ ಮುಂಚೆ ಅದರ ಹೊಟ್ಟೆ ತುಂಬಿಸಬೇಕು. ನಡುವೆ ಒಂದಿಷ್ಟು ಜಾಗ ಬಿಟ್ಟು, ಅದರೊಳಗೆ ಹೋಳಿಗೆಯ ಚೂರಿಟ್ಟು ಮುಚ್ಚುತ್ತೇವೆ. ಹಸಿದ ಕೌದಿ ಹೊದ್ದವರನ್ನು ಕಾಡುತ್ತದೆ ಎಂಬ ನಂಬಿಕೆ. ಅಂದು ಅಮಾವಾಸ್ಯೆ, ಹೋಳಿಗೆ ಮಾಡಿದ್ದೆ. ನಾನು ಉಗುರಿನಷ್ಟು ಚೂರು ಮುರಿದೆ. ಅತ್ತೆ ಅದನ್ನು ನನ್ನ ಕೈಯಿಂದ ಕಸಿದುಕೊಂಡು, ಅಂಗೈಯಗಲ ತುಂಡಿಗೆ ತುಪ್ಪ ಸವರಿ ತಾವೇ ಇಟ್ಟರು. "ನಮ್ಮ ಮನೀ ಕೌದಿ ಊರ ಮುಂದ ಉಪಾಸ ಹೋಗಬಾರದು" ಎಂದರು. ಕೌದಿ ಮೇಲೆ ಪ್ರೀತಿಯಿಂದಲ್ಲ, ಮನೆಯ ಹೆಸರಿಗೆ. ಮುಚ್ಚಿ ಹೊಲಿದ ಮೇಲೆ, ಒಳಗಿನ ಹೋಳಿಗೆ ಒಣಗಲೆಂದು ಗಟ್ಟಿ ಬಿಸಿಲಿಗೆ ಹಾಕುವುದು ರೂಢಿ. ಮರುದಿನವೇ ನಾನೂ ಅತ್ತೆಯೂ ಅದನ್ನು ಸವಣೂರಿಗೆ ಒಯ್ಯಬೇಕಿತ್ತು, ಬಿಸಿಲು ಕಾಣಿಸಲಾಗಲಿಲ್ಲ.

ಶಾಲೆಯಲ್ಲಿ ಎಲ್ಲವನ್ನೂ ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗಕ್ಕೆ ಇಳಿಬಿಟ್ಟಿದ್ದರು. ಕಸೂತಿಯ ಆನೆ, ಗೋಪುರ, ತುಳಸಿಕಟ್ಟೆ, ಕೊನೆಗೆ ನನ್ನ ರೈಲು. ಜನ ನನ್ನದರ ಮುಂದೆ ನಿಂತು ನಗುತ್ತಿದ್ದರು, ಆದರೆ ನಿಲ್ಲುತ್ತಿದ್ದರು. ನಿರ್ಣಯಕ್ಕೆಂದು ಧಾರವಾಡದಿಂದ ಒಬ್ಬರು ಬಾಯಿಯವರು ಬಂದರು, ಶಾಲೆ ಕಲಿಸುವ ಹೆಣ್ಣುಮಗಳು. ನನ್ನ ಕೌದಿಯ ತುದಿ ಹಿಡಿದು, "ಇದು ಬ್ಯಾರೇನ ಅದ" ಎಂದು ಹತ್ತಿರ ಸರಿದರು. ಮರುಕ್ಷಣ ಅವರು ಕೈ ಕೊಡವಿ ಹಿಂದಕ್ಕೆ ಜಿಗಿದರು. ಕೆಂಪಿರುವೆಗಳು ಹಗ್ಗದ ಗುಂಟ ಸಾಲುಹಿಡಿದು ಬಂದು ಕೌದಿಯ ಹೊಟ್ಟೆಯೊಳಗೆ ಹೋಗುತ್ತಿದ್ದವು.

"ಇಶ್ಶೀ! ತಿನ್ನೂ ಪದಾರ್ಥ ಹೊಲದಾರಲ್ಲ ಇದರಾಗ! ಎಂಥಾ ಹೊಲಸು ಮಂದಿ. ಹೊರಗ ಹಾಕ್ರಿ ಇದನ್ನ."

ಪಕ್ಕದಲ್ಲಿದ್ದ ಅತ್ತೆ ಮುಂದೆ ನುಗ್ಗಿದರು.

"ಏನ್ರಿ ಬಾಯಾರ, ಹೊಲಸು ಅಂದದ್ದು ಯಾವುದಕ್ಕ? ತುಪ್ಪಾ ಹಚ್ಚಿದ ಹೋಳಿಗಿಗೇನು? ನಿಮ್ಮ ಮನ್ಯಾಗ ಅದೂ ಸಿಗಂಗಿಲ್ಲ ಕಾಣತೈತಿ!"

ಬಾಯಿಯವರು ಕನ್ನಡಕ ಸರಿಮಾಡಿಕೊಂಡು ಮುಂದಿನ ಹಗ್ಗಕ್ಕೆ ಹೋದರು. ಬಹುಮಾನ ತುಳಸಿಕಟ್ಟೆಗೆ ಬಂತು. ಹೊಸ ನಮೂನೆಯಂತೆ! ನಮ್ಮಜ್ಜಿಯ ಕುಪ್ಪಸದ ಮೇಲೂ ಅದೇ ತುಳಸಿಕಟ್ಟೆ ಇತ್ತು. ಆ ಬಾಯಿಯವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಸು ಎಂದು ದೇವರನ್ನು ಕೇಳಿಯೂ ಇಲ್ಲ. ಕೌದಿಯನ್ನು ಕತ್ತರಿಸಿ ನೋಡದೆ ವಾಪಸು ಕೊಟ್ಟರು, ಅಷ್ಟು ಪುಣ್ಯ.

ಬಂಡಿಯಲ್ಲಿ ಬರುವಾಗ ಅತ್ತೆ ಬಾಯಿಯವರನ್ನು ಬೈದು ಮುಗಿಸಿ ನನ್ನ ಕಡೆ ತಿರುಗಿದರು. "ಸೋತಿ. ಬೋಗಾಣಿಯಾಕಿ ಬರ್ಲಿ."

ಆಕೆ ಬಂದಳು. ನಾನೇ ಗಂಟು ತಂದು ಕಟ್ಟೆಯ ಮೇಲಿಟ್ಟೆ. ಆಕೆ ಅದನ್ನು ಬಿಚ್ಚಿ, ಅವ್ವನ ಸೀರೆಯನ್ನು ಎರಡು ಬೆರಳಲ್ಲಿ ಎತ್ತಿ, "ಎಲ್ಲಾ ಹರದಾವು" ಎಂದು ಒಂದು ಸಣ್ಣ ವಾಟಗಾ ಮುಂದೆ ಮಾಡಿದಳು.

"ನೀರು ಕುಡಿಯೂ ವಾಟಗಾ? ಇಷ್ಟು ಸೀರಿ, ಅರಬಿಗೆ?" ಅತ್ತೆ ಹೌಹಾರಿದರು.

"ತಾಮ್ರ, ಹಿತ್ತಾಳಿ ಎಲ್ಲೈತ್ರಿ ಈಗ? ಬೇಕಂದ್ರ ಕೊಡ್ರಿ, ಇಲ್ಲಾಂದ್ರ ನಿಮ್ಮ ಚಿಂದಿ ನೀವ ಇಟ್ಕೊರಿ."

"ಚಿಂದಿ ಅಂತಿಯೇನ? ಈ ಚಿಂದಿ ನೋಡಾಕ ಸವಣೂರಾಗ ಮಂದಿ ನೆರದಿತ್ತು! ಏಳ, ಮೊದಲ ಏಳ ನಮ್ಮ ಕಟ್ಟಿ ಬಿಟ್ಟು!"

ಆಕೆ ಬುಟ್ಟಿ ತಲೆಗೇರಿಸಿ ಬೈಯುತ್ತ ಹೋದಳು. ಓಣಿಯ ತಿರುವಿನವರೆಗೂ ಅತ್ತೆ ಬೈದು ಕಳಿಸಿದರು. ನಂತರ ಬಿಚ್ಚಿದ ಗಂಟನ್ನು ಕಾಲಿನಿಂದ ನನ್ನತ್ತ ಸರಿಸಿದರು.

"ಒಳಗ ಒಗಿ ಇದನ್ನ. ಹೋಗಿ ಬರೂದಕ್ಕ ಅಡ್ಡಾಗತೈತಿ."

ಮಾತಾಡಿದ್ದರೆ ಅತ್ತೆ ಮನಸ್ಸು ಬದಲಿಸುತ್ತಿದ್ದರು. ಗಂಟು ಕಟ್ಟಿ ಅಟ್ಟಕ್ಕೇರಿಸಿ, ಕೈ ತೊಳೆದು, ಹಂಚು ಒಲೆಯ ಮೇಲಿಟ್ಟೆ.