ಪರದೇಶದಲ್ಲಿ ಉಳಿದ ಡೊಳ್ಳು

ಬೆಳಗಿನ ಆರು ಗಂಟೆ. ಹುನಗುಂದದ ಅಂಚಿನ ಮನೆಯಂಗಳದಲ್ಲಿ ಬಂಡೆಪ್ಪ ಕಂಬಳಿ ಹಾಸಿ ಮೂರು ಡೊಳ್ಳು ಇಟ್ಟುಕೊಂಡು ಕೂತಿದ್ದಾರೆ. ಬೀರಪ್ಪ ದೇವರ ವಾದ್ಯ, ಬರಿ ನೆಲಕ್ಕೆ ಇಡುವಂತಿಲ್ಲ. ಹಗ್ಗ ಎಳೆಯುತ್ತಾರೆ, ಚರ್ಮ ತಟ್ಟುತ್ತಾರೆ, ಮತ್ತೆ ಎಳೆಯುತ್ತಾರೆ. ತಟ್ಟಿದಾಗೆಲ್ಲ ಇನ್ನೊಂದು ಮಗ್ಗುಲಿಗೆ ಅಂಗೈ ಇಟ್ಟು ಅದರ ನಡುಕ ನೋಡುತ್ತಾರೆ. ಇಳಕಲ್ಲಿನಲ್ಲಿ ಹದಿನೆಂಟು ವರ್ಷ ಗ್ರಾನೈಟ್ ಕೊಯ್ಯುವ ಯಂತ್ರದ ಮುಂದೆ ನಿಂತು ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ ಉಳಿದಿದೆ. ನಾದದ ಹುಚ್ಚು ಮಾತ್ರ ಹೋಗಿಲ್ಲ.

ಐವತ್ತೊಂಬತ್ತರ ಬಂಡೆಪ್ಪ ಡೊಳ್ಳು ಬಾರಿಸುವವರಲ್ಲ, ಬಾರಿಸುವವರ ಹಿಂದೆ ನಿಲ್ಲುವವರು. ಬಾದಾಮಿಯಿಂದ ಇಳಕಲ್ಲಿನವರೆಗೆ ಮೂವತ್ತೆರಡು ಊರಿನ ಡೊಳ್ಳುಗಳು ಅವರ ಕೈಗೇ ಬರುತ್ತವೆ. ದಿನಕ್ಕೆ ಎರಡು ಬಿಗಿದರೆ ಹೆಚ್ಚು. ಹೊಸ ಚರ್ಮ ಹಾಕುವುದಾದರೆ ಒಂದಕ್ಕೇ ನಾಲ್ಕು ದಿನ. ಹಣಮೇಶ ನಡೆಸುವ ಮೇಳ ಎಲ್ಲಿಗೆ ಹೊರಟರೂ ಹಗ್ಗ ಬಿಗಿಯಲು ಇವರು ಜೊತೆಗಿರಲೇಬೇಕು. ಹಾಗೆ ದೆಹಲಿ, ಗುವಾಹಟಿ ದಾಟಿ ಮೂರು ಪರದೇಶ ಕಂಡಿದ್ದಾರೆ. ಏನು ನೋಡಿದಿರಿ ಎಂದರೆ ಒಂದು ಕಟ್ಟಡದ ಹೆಸರನ್ನೂ ಹೇಳುವುದಿಲ್ಲ. ಯಾವ ಊರಿನ ಹವೆಗೆ ಚರ್ಮ ಮೆತ್ತಗಾಯಿತು ಎಂಬುದನ್ನು ಹೇಳುತ್ತಾರೆ. ಚಳಿ ದೇಶವೊಂದರಲ್ಲಿ ಜನ ತುಟಿಪಿಟಕ್ಕೆನ್ನದೆ ಕೂತದ್ದು ಕಂಡು ಮರ್ಯಾದೆ ಹೋಯಿತೆಂದು ಪರದೆಯ ಹಿಂದೆ ಬೀರಪ್ಪನನ್ನು ನೆನೆದರಂತೆ. ಮುಗಿದ ಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ.

“ಮೊಬೈಲಿನ್ಯಾಗ ಕೇಳಿದ್ರ ಕಿವಿಗಷ್ಟ ಮುಟ್ಟತೈತ್ರಿ. ಎದುರಿಗೆ ನಿಂತ್ರ ಎದಿಗೆ ಬಡಿತೈತಿ. ನನ್ನಂಥ ಕಿವುಡಗೂ ಕೇಳಸ್ತೈತಿ,” ಎಂದು ನಗುತ್ತಾರೆ.

ಈ ನಗು ಒಂದೂವರೆ ತಿಂಗಳು ಮಾಯವಾಗಿತ್ತು. ಮೇಳ ಕೊಲ್ಲಿಯ ನಗರವೊಂದಕ್ಕೆ ಹೋದಾಗ ಬಂಡೆಪ್ಪ ತಮ್ಮ ಅಜ್ಜನ ಕಾಲದ ಡೊಳ್ಳನ್ನೂ ಒಯ್ದಿದ್ದರು. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಅಕ್ಕಪಕ್ಕದ ದೇಶಗಳ ನಡುವೆ ಕ್ಷಿಪಣಿ ಹಾರಿದವು. ವಿಮಾನಗಳೆಲ್ಲ ನಿಲ್ಲುತ್ತವೆ ಎಂಬ ಸುದ್ದಿ ಬಂತು. ಹಣಮೇಶ ಇದ್ದಬದ್ದವರನ್ನೆಲ್ಲ ಬಸ್ಸಿಗೆ ತುಂಬಿ ವಿಮಾನ ನಿಲ್ದಾಣಕ್ಕೆ ಓಡಿದರು. ಮನುಷ್ಯರಿಗೆ ಜಾಗ ಸಿಕ್ಕಿತು, ಡೊಳ್ಳುಗಳು ಅಲ್ಲಿನ ಗೋದಾಮಿನಲ್ಲಿ ಉಳಿದವು. ಆ ಸಲ ಮೇಳ ಒಯ್ದ ಉಳಿದ ಡೊಳ್ಳುಗಳು ನಟ್ಟು-ಬೋಲ್ಟಿನ ಫೈಬರ್ ಡೊಳ್ಳುಗಳು, ಅವಕ್ಕೇನೂ ಆಗುವುದಿಲ್ಲ. ವಿಮಾನ ಮೇಲೇರಿದಾಗ ಬಂಡೆಪ್ಪನವರಿಗೆ ನೆನಪಾಯಿತು: ಗಡಿಬಿಡಿಯಲ್ಲಿ ಅಜ್ಜನ ಡೊಳ್ಳಿನ ಹಗ್ಗ ಸಡಿಲಿಸಿರಲಿಲ್ಲ. ಬಿಗಿದ ಚರ್ಮ ಆ ಬಿಸಿಲೂರಿನಲ್ಲಿ ಒಣಗಿ ಸೀಳುವುದು ಖಂಡಿತ.

“ಬಾರಿಸಿದ ಮ್ಯಾಲ ಹಗ್ಗ ಸಡ್ಲ ಬಿಡಬೇಕ್ರಿ. ಹೊಲದಿಂದ ಬಂದ ಎತ್ತಿನ ಕೊಳ್ಳಾಗಿನ ನೊಗ ಇಳಸೂದಿಲ್ಲೇನು? ಹಂಗ. ಮೂವತ್ತ ವರ್ಷ ಮಂದಿಗೆ ಬೈದು ಹೇಳಿದಾಂವ ನಾನ, ಮರತಾಂವನೂ ನಾನ.”

ಅಂದಿನಿಂದ ಬಂಡೆಪ್ಪ ಲೋಕದ ರಾಜಕೀಯಕ್ಕೆ ಇಳಿದರು. ಯಾವ ದೇಶದ ಆಕಾಶ ತೆರೆಯಿತು, ಯಾರು ಸಂಧಾನಕ್ಕೆ ಒಪ್ಪಿದರು, ಎಲ್ಲ ಬಾಯಿಪಾಠ. ಚಹಾದಂಗಡಿಯಲ್ಲಿ “ಫಾರಿನ್ ಮಿನಿಸ್ಟರ್ ಬಂದ್ರು” ಎಂದು ಜನ ಜಾಗ ಬಿಡುತ್ತಿದ್ದರು. ಮನೆಯಲ್ಲಿ ಬೇರೆಯೇ ಕಥೆ. ತಾಟಿನಲ್ಲಿ ಅರ್ಧ ರೊಟ್ಟಿ ಉಳಿಯುತ್ತಿತ್ತು ಎನ್ನುತ್ತಾರೆ ಹೆಂಡತಿ ಮಾಯವ್ವ. ಟೀವಿಯಲ್ಲಿ ಉರುಳಿದ ಮನೆಗಳನ್ನು ಕಂಡ ದಿನವಂತೂ, ಅಲ್ಲಿ ಮಂದಿ ಸಾಯುತ್ತಿರುವಾಗ ತಾನು ಒಂದು ತುಂಡು ಚರ್ಮಕ್ಕೆ ಅಳುತ್ತಿದ್ದೇನಲ್ಲ ಎಂದು ನಾಚಿಕೊಂಡು ಎದ್ದುಹೋದರಂತೆ.

“ಯಾವ ದೊರಿ ಖರೆ, ಯಾವ ದೊರಿ ಸುಳ್ಳ, ನಮಗೇನ ತಿಳಿತೈತ್ರಿ,” ಎನ್ನುತ್ತಾರೆ ಬಂಡೆಪ್ಪ. “ಆದ್ರ ಪರದೆ ಹಿಂದ ನಿಂತಾವ್ರನ್ನ ಯಾವ ದೊರಿನೂ ಎಣಸೂದಿಲ್ಲ ನೋಡ್ರಿ.”

ನಲವತ್ನಾಲ್ಕನೆಯ ದಿನ ಡೊಳ್ಳುಗಳು ಬಾಗಲಕೋಟೆಗೆ ಬಂದವು. ಹಣಮೇಶ ಅಲ್ಲಿನ ನವನಗರದಿಂದ ಜೀಪಿನಲ್ಲಿ ತಂದು ಇಳಿಸಿದರೆ ಬಂಡೆಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಗೋಣಿಚೀಲದ ಹೊಲಿಗೆ ಬಿಚ್ಚಿದ್ದು ಮಾಯವ್ವ. ಚರ್ಮ ಇಡಿಯಾಗಿತ್ತು, ಕೂದಲೆಳೆಯಷ್ಟೂ ಸೀಳಿರಲಿಲ್ಲ. ಬಂಡೆಪ್ಪ ಹತ್ತಿರ ಹೋಗಿ ಮುಟ್ಟಿ ನೋಡಿದರೆ ಹಗ್ಗಗಳೆಲ್ಲ ಸಡಿಲ! ಕಳಚಿಕೊಂಡದ್ದಲ್ಲ, ಸುತ್ತಲೂ ಒಂದೇ ಅಳತೆಗೆ ಯಾರೋ ಬಿಟ್ಟದ್ದು. ಕೊನೆಗೆ ಒಂದು ಗಂಟು ಹಾಕಿದ್ದರು. ಅಂಥ ಗಂಟು ಈ ಸೀಮೆಯಲ್ಲಿ ಯಾರೂ ಹಾಕುವುದಿಲ್ಲ.

ಹಣಮೇಶ ಗೋದಾಮಿಗೆ ಫೋನು ಮಾಡಿ ವಿಚಾರಿಸಿದ್ದಾರೆ. ಅಲ್ಲಿ ಹತ್ತಾರು ದೇಶದ ಹಮಾಲರು ಮೂರು ಪಾಳಿಯಲ್ಲಿ ದುಡಿಯುತ್ತಾರೆ, ಯಾರು ಏನು ಮುಟ್ಟಿದರೆಂದು ಹೇಳುವವರಿಲ್ಲ. ಇಷ್ಟಂತೂ ನಿಜ: ತಮ್ಮ ಊರಲ್ಲಿ ಡೊಳ್ಳಿನಂಥದ್ದೊಂದನ್ನು ಸಾಕಿದ ಕೈ ಅದು. ಯುದ್ಧದ ಯಾವ ಕಡೆಯದೋ ಏನೋ. ಬಂಡೆಪ್ಪ ಅಂದು ಕಂಬಳಿಯ ಮೇಲೆ ಕೂತು ಮನಸಾರೆ ಅತ್ತರು. ಆ ದಿನ ನಾಲ್ಕು ರೊಟ್ಟಿ ತಿಂದರು ಎಂದು ಮಾಯವ್ವ ಲೆಕ್ಕ ಕೊಡುತ್ತಾರೆ.

ಈಗ ಅವರು ಆ ಗಂಟು ಬಿಚ್ಚದೆ ಇನ್ನೊಂದು ತುದಿಯಿಂದ ಹಗ್ಗ ಬಿಗಿಯುತ್ತಾರೆ. ಕೆಲಸ ಕಷ್ಟ, ಆದರೂ ಬಿಚ್ಚುವುದಿಲ್ಲ. ಪತ್ರಿಕೆಗೆ ಫೋಟೋ ಬೇಕೆಂದಾಗ ಬಂಡೆಪ್ಪ ಪಕ್ಕಕ್ಕೆ ಸರಿದು ಡೊಳ್ಳನ್ನು ಬೆಳಕಿಗೆ ತಿರುಗಿಸಿದರು.

“ನಂದು ಬ್ಯಾಡ್ರಿ. ಈ ಗಂಟಿಂದು ಹಾಕ್ರಿ. ಕಟ್ಟಿದಾಂವ ಎಲ್ಲೆರ ನೋಡಿದ್ರ ಗುರ್ತು ಹಿಡಿತಾನ. ಡೊಳ್ಳು ಮನಿ ಮುಟ್ಟೇತಿ ಅಂತ ಅವಂಗ ಗೊತ್ತಾದ್ರ ಸಾಕು.”